ಮುಳ್ಳು ಸೊನ್ನೆಯ ಮೇಲಿತ್ತು

ಗೋಕಾಕದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಶಮಶೇರನಿಗೆ ಯಾವ ಅಂಗಡಿಯ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ಬಾಯಿಪಾಠ. ಯಾರ ಮುಂದೆಯೂ ಆಡಿದವನಲ್ಲ, ಅದು ಬೇರೆ ಮಾತು. ಆದರೆ ರಿಪೇರಿ ಮುಗಿದ ಮೇಲೆ ಐದು ಕಿಲೋದ ಕಲ್ಲು ಇಟ್ಟು ನೋಡದೆ ಯಾವ ತಕ್ಕಡಿಯನ್ನೂ ಅಂಗಡಿ ದಾಟಲು ಬಿಟ್ಟವನಲ್ಲ. ಅವಸರದ ಗಿರಾಕಿಗೆ, "ಮುಳ್ಳು ಸೊನ್ನಿ ಮ್ಯಾಲೆ ಐತಿ ಅಂತ ಒಯ್ಯಬ್ಯಾಡ್ರಿ. ಏನೂ ಇಡದಿದ್ರೂ ಅದು ಸೊನ್ನಿ ಮ್ಯಾಲೇ ಇರ್ತೈತಿ" ಎನ್ನುವನು. ಈ ಮಾತನ್ನು ಅವನ ಮಗಳು ಜಹೀರಾ ಚಿಕ್ಕಂದಿನಿಂದ ಸಾವಿರ ಸಲ ಕೇಳಿದ್ದಳು. ಸಾವಿರ ಸಲ ಕೇಳಿದ ಮಾತು ಕಿವಿಗೆ ಬೀಳುವುದಿಲ್ಲ. ಅವಳ ಕತೆಯ ಮುಕ್ಕಾಲು ಪಾಲು ಇದೇ.

ಜಹೀರಾ ಊರಲ್ಲೇ ಬಿ.ಸಿ.ಎ. ಓದಿದಳು. ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಮಹೇಶ ಎಂಬವನು ನಡೆಸುವ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದಳು. ಕೆಳಗಿನ ಯೂರಿಯಾದ ವಾಸನೆ ಮೇಲಿನವರೆಗೂ ಬರುತ್ತಿತ್ತು. ಆರು ತಿಂಗಳಲ್ಲಿ ಅದು ಅವಳ ದುಪಟ್ಟಾಕ್ಕೂ ಹತ್ತಿತು. ಅವರ ದೊಡ್ಡ ಕೆಲಸವೆಂದರೆ ಒಂದು ಧರ್ಮಾರ್ಥ ಟ್ರಸ್ಟಿನ ಆಂಬ್ಯುಲೆನ್ಸ್‌ಗಳದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಹಳ್ಳಿಗಳಿಂದ ಫೋನ್ ಬರುತ್ತದೆ. ಟ್ರಸ್ಟಿನವರು ಊರಿನ ಹೆಸರು ಆರಿಸಿದರೆ ಸಾಕು, ಡ್ರೈವರನ ಮುಂದಿನ ಪರದೆಯಲ್ಲಿ ದಾರಿ ಮೂಡುತ್ತದೆ, ಫೋನ್ ಮಾಡಿದವರ ಮೊಬೈಲಿಗೆ ಗಾಡಿ ಇನ್ನೆಷ್ಟು ನಿಮಿಷಕ್ಕೆ ಬರುತ್ತದೆಂಬ ಸಂದೇಶ ಹೋಗುತ್ತದೆ.

ಈ ವ್ಯವಸ್ಥೆಯನ್ನು ಮೊದಲು ಕಟ್ಟಿದವಳು ಮೂಡಲಗಿ ಕಡೆಯ ಐಶ್ವರ್ಯ. ಮದುವೆಯಾಗಿ ಸಂಕೇಶ್ವರಕ್ಕೆ ಹೋಗುವ ಮುನ್ನ ಅವಳು ಇನ್ನೂರ ಹನ್ನೆರಡು ಪರೀಕ್ಷೆಗಳನ್ನು ಬರೆದಿಟ್ಟಿದ್ದಳು. ಪರೀಕ್ಷೆ ಎಂದರೆ ಪುಟ್ಟ ಪುಟ್ಟ ಪ್ರೋಗ್ರಾಮುಗಳು. ನೀವು ಎಲ್ಲೋ ಒಂದು ಸಾಲು ತಿದ್ದಿದಿರೋ, ಅವೆಲ್ಲ ಎದ್ದು ಒಂದೊಂದೇ ಪ್ರಶ್ನೆ ಕೇಳುತ್ತವೆ. ಒಂದು ಉತ್ತರ ತಪ್ಪಿದರೂ ಪರದೆ ಕೆಂಪಾಗುತ್ತದೆ. ಹೋಗುವಾಗ ಐಶ್ವರ್ಯ, "ಇವು ಅತ್ತಿ ಇದ್ದಂಗ ನೋಡ, ಜಹೀರಾ. ಕಿರಿಕಿರಿ ಮಾಡ್ತಾವು, ಆದ್ರ ಮನಿ ಕಾಯ್ತಾವು" ಎಂದು ನಕ್ಕಿದ್ದಳು.

ಈ ಪರೀಕ್ಷೆಗಳನ್ನು ಓಡಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮು, ಒಂದಿರುತ್ತದೆ. ಅದು ಹಳೆಯದಾಯಿತು, ಹೊಸ ಆವೃತ್ತಿಗೆ ಏರಿಸು ಎಂದು ಡಿಸೆಂಬರಿನಲ್ಲಿ ಮಹೇಶ ಹೇಳಿದ. ಒಂದು ಅಂಕಿ ಬದಲಾಯಿಸಿದರೆ ಮುಗಿಯಿತು ಎಂದುಕೊಂಡಿದ್ದಳು ಜಹೀರಾ. ಅಂಕಿ ಬದಲಾಯಿಸಿದಳು, ಮೂವತ್ತೊಂಬತ್ತು ಡಿಪೆಂಡೆನ್ಸಿ ಎರರ್ ಬಂದವು, ಅಂದರೆ ಒಂದನ್ನೊಂದು ನೆಚ್ಚಿದ ಪ್ರೋಗ್ರಾಮುಗಳು ಹೊಂದುತ್ತಿಲ್ಲ ಎಂಬ ದೂರು. ಲಗ್ನದ ಮನೆಯ ಬೀಗರ ಹಾಗೆ ಅವುಗಳ ತಕರಾರು: ಹೊಸದು ಬಂದರೆ ಹಳೆಯದು ಇರುವುದಿಲ್ಲವಂತೆ, ಹಳೆಯದು ಹೋದರೆ ಮೂರನೆಯದು ಬರುವುದಿಲ್ಲವಂತೆ, ಮೂರನೆಯದಕ್ಕೆ ಬೇಕಾದದ್ದನ್ನು ಹೊಸದು ಮನೆಯೊಳಗೇ ಸೇರಿಸುವುದಿಲ್ಲವಂತೆ. ಮೂರು ದಿನ ಒಬ್ಬರನ್ನು ಒಲಿಸಿದರೆ ಇನ್ನೊಬ್ಬರು ಮುನಿದರು. ಮಹೇಶ ಗಂಟೆಗೊಮ್ಮೆ ಬಂದು, "ಆತೇನ?" ಎಂದು ಕೇಳುವನು. ಕೇಳುವುದಕ್ಕೇನು ಖರ್ಚು?

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಬೇಸತ್ತು ಜಗಳಗಂಟಿಯಂತೆ ಕಂಡ ಒಂದು ಸಾಲನ್ನು ತೆಗೆದುಹಾಕಿದಳು. ಅಷ್ಟೇ ಸಾಕಾಯಿತು. ಮೂವತ್ತೊಂಬತ್ತು ಎರರೂ ಒಮ್ಮೆಲೇ ಹೋಗಿ ಪರದೆ ಹಸಿರಾಯಿತು. ಮಹೇಶ ಮಿರ್ಚಿ ಭಜಿ ತರಿಸಿದ.

ತೆಗೆದ ಸಾಲು ಯಾವುದು ಎಂದರೆ, ಹಳೆಯ ರೀತಿಯಲ್ಲಿ ಬರೆದ ಪರೀಕ್ಷೆಗಳನ್ನು ಹೊಸ ಲೈಬ್ರರಿಗೆ ಗುರುತು ಮಾಡಿಕೊಡುವ ಸಾಲು. ಐಶ್ವರ್ಯಳ ಇನ್ನೂರ ಹನ್ನೆರಡೂ ಹಳೆಯ ರೀತಿಯವು. ಗುರುತೇ ಹತ್ತದ ಮೇಲೆ ಲೈಬ್ರರಿ ಯಾರನ್ನೂ ಎಬ್ಬಿಸಲಿಲ್ಲ. ಪ್ರಶ್ನೆಯೇ ಇಲ್ಲದ ಮೇಲೆ ತಪ್ಪು ಉತ್ತರ ಎಲ್ಲಿಂದ ಬರಬೇಕು? ಹಸಿರು ಅಕ್ಷರಗಳ ಮೇಲಿನ ಸಾಲಿನಲ್ಲಿ ಅದು ಪ್ರಾಮಾಣಿಕವಾಗಿ ತಿಳಿಸಿತ್ತು: ಓಡಿದ ಪರೀಕ್ಷೆಗಳು, ಸೊನ್ನೆ. ಜಹೀರಾ ಹಸಿರನ್ನು ಓದಿದಳು, ಸೊನ್ನೆಯನ್ನು ಓದಲಿಲ್ಲ.

ಜನವರಿಯಲ್ಲಿ ಟ್ರಸ್ಟಿನವರು ಪರದೆಯಲ್ಲಿ ಊರುಗಳ ಹೆಸರು ಉದ್ದವಾಗಿ ಎರಡು ಸಾಲಿಗೆ ಬೀಳುತ್ತಿವೆ ಎಂದು ದೂರಿದರು. ಜಹೀರಾ ಹೆಸರುಗಳ ಬಾಲ ಕತ್ತರಿಸಿದಳು. ಈ ಸೀಮೆಯಲ್ಲಿ ಊರಿನ ಹೆಸರಿನ ಬಾಲ ಎಂದರೆ ಏನು ಎಂಬುದು ಬಸ್ಸಿನ ಬೋರ್ಡು ಓದಿದ ಕೂಸಿಗೂ ಗೊತ್ತು. ಬಿ.ಕೆ. ಎಂದರೆ ಬುದ್ರುಕ, ದೊಡ್ಡದು, ಕೆ.ಎಚ್. ಎಂದರೆ ಖುರ್ದ, ಸಣ್ಣದು. ಹೆಸರು ಒಂದೇ, ಊರು ಎರಡು. ತುಕ್ಕಾನಟ್ಟಿಯಿಂದ ಆಚೆ ಮೂಡಲಗಿ ತಾಲೂಕಿನಲ್ಲಿ ಸೀಗಿನಟ್ಟಿ ಬುದ್ರುಕ. ಅಲ್ಲಿಂದ ಯಾವ ಕಾಲದಲ್ಲೋ ಗುಳೆ ಹೋದವರು ಕಟ್ಟಿಕೊಂಡದ್ದು ಹುಕ್ಕೇರಿ ತಾಲೂಕಿನ ಸೀಗಿನಟ್ಟಿ ಖುರ್ದ. ನಡುವೆ ಒಂದು ತಾಸಿನ ದಾರಿ. ಹಳ್ಳಿಯ ಬಸ್ಸು ಹತ್ತದೆ ಪೇಟೆಯಲ್ಲೇ ಬೆಳೆದ ಜಹೀರಾ ಬಾಲವನ್ನು ಕತ್ತರಿಸಿದಾಗ ಎರಡು ಸೀಗಿನಟ್ಟಿ ಒಂದಾದವು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಹುಕ್ಕೇರಿ ಮೂಡಲಗಿಗಿಂತ ಮೊದಲು ಬರುವುದರಿಂದ, ಒಂದಾದ ಊರು ಹುಕ್ಕೇರಿಯದಾಯಿತು. ಪರೀಕ್ಷೆ ಓಡಿಸಿದಳು. ಹಸಿರು.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಸೀಗಿನಟ್ಟಿ ಬುದ್ರುಕದ ಕಬ್ಬಿನ ಗದ್ದೆಯಲ್ಲಿ ಒಣಗಿದ ಗರಿಯ ರವದಿ ಸರಿಸುತ್ತಿದ್ದ ಶಿವಗಂಗವ್ವನಿಗೆ ಹಾವು ಕಡಿಯಿತು. ಅವಳ ಗಂಡ ಗುಡ್ಡಪ್ಪ ಫೋನ್ ಮಾಡಿದ. ಟ್ರಸ್ಟಿನವರು ರಿಜಿಸ್ಟರಿನಲ್ಲಿ ಬಿ.ಕೆ. ಎಂದು ಸರಿಯಾಗಿಯೇ ಬರೆದುಕೊಂಡರು, ಕಂಪ್ಯೂಟರಿನಲ್ಲಿ ಸೀಗಿನಟ್ಟಿ ಒತ್ತಿದರು. ಗಾಡಿ ಗೋಕಾಕದಿಂದ ಹೊರಟು ಹುಕ್ಕೇರಿ ಕಡೆಗೆ ಹೋಯಿತು. ಬಾಜೂ ಹೊಲದವನು ತನ್ನ ಟೆಂಪೋ ತಂದು ನಿಲ್ಲಿಸಿದ. ಆಗಲೇ ಗುಡ್ಡಪ್ಪನ ಮೊಬೈಲಿಗೆ ಸಂದೇಶ ಬಂತು: ಗಾಡಿ ಹತ್ತು ನಿಮಿಷದಲ್ಲಿ ತಲುಪಲಿದೆ. ಹತ್ತೇ ನಿಮಿಷವಲ್ಲವೇ, ಗಾಡಿಯಲ್ಲಿ ಔಷಧ ಇರುತ್ತದೆ, ಟೆಂಪೋದ ಕುಲುಕಾಟಕ್ಕೆ ವಿಷ ಏರಬಾರದು ಎಂದು ಅವನು ಹೆಂಡತಿಯನ್ನು ಬೇವಿನ ನೆರಳಿನಲ್ಲಿ ಮಲಗಿಸಿದ. ಗಾಡಿ ಹತ್ತು ನಿಮಿಷದಲ್ಲಿ ಖಂಡಿತ ತಲುಪಿತು, ಇನ್ನೊಂದು ಸೀಗಿನಟ್ಟಿಗೆ. ಇಲ್ಲಿ ಕಾದು ಕಾದು ಕೊನೆಗೆ ಟೆಂಪೋದಲ್ಲೇ ಮಲಗಿಸಿಕೊಂಡು ಹೊರಟರು. ಅರಭಾವಿ ದಾಟುವಷ್ಟರಲ್ಲಿ ಶಿವಗಂಗವ್ವ ಹೋಗಿದ್ದಳು. ವಯಸ್ಸು ಮೂವತ್ತಾರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಬಿದ್ದದ್ದು ಡ್ರೈವರ್ ಯಲ್ಲಾರಿಗೆ. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ. ಪರದೆ ತೋರಿಸಿದ ಕಡೆಗೇ ಹೋದೆ ಎಂದು ಕೈಮುಗಿದು ಹೇಳಿದ. ಟ್ರಸ್ಟಿನವರು ರಿಜಿಸ್ಟರ್ ತೆರೆದು, ಇಲ್ಲಿ ಬಿ.ಕೆ. ಎಂದಿದೆಯಲ್ಲ ಎಂದರು. ಮಹೇಶನನ್ನು ಕೇಳಿದರು. ಮಹೇಶ ಜಹೀರಾಳನ್ನು ಕೇಳಿದ. ಜಹೀರಾ ಪರೀಕ್ಷೆಯ ವರದಿಯನ್ನು ಎರಡು ಪ್ರತಿ ಪ್ರಿಂಟ್ ತೆಗೆದಳು. ಎಲ್ಲ ಹಸಿರು. ಸಾಫ್ಟ್‌ವೇರ್ ಸರಿಯಿದೆ, ಡ್ರೈವರ್ ದಾರಿ ತಪ್ಪಿದ್ದಾನೆ ಎಂದು ತೀರ್ಮಾನವಾಯಿತು. ಯಲ್ಲಾರಿಯಿಂದ ಕೀಲಿ ಕಸಿದುಕೊಂಡರು. ಸೀಗಿನಟ್ಟಿ ಬುದ್ರುಕದ ಹುಡುಗರು ಅರಭಾವಿಯ ಅವನ ಮನೆಯ ಮುಂದೆ ಬಂದು, ಹೆಂಡ ಕುಡಿದು ಗಾಡಿ ಹೊಡೆದ ಎಂದು ಕೂಗಿ ಹೋದರು. ಯಲ್ಲಾರಿ ಮಾಲೆ ಹಾಕಿಕೊಂಡ ಮನುಷ್ಯ, ಹೆಂಡ ಮುಟ್ಟಿದವನೇ ಅಲ್ಲ.

ವರದಿಯ ಎರಡನೆಯ ಪ್ರತಿ ಜಹೀರಾಳ ಚೀಲದಲ್ಲಿ ಉಳಿದಿತ್ತು. ಆ ಭಾನುವಾರ ಅಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋದಾಗ, ಎಣ್ಣೆ ಕೈ ಒರೆಸಲು ಅವನು ಕಾಗದ ಕೇಳಿದ. ಅವಳು ಅದನ್ನೇ ಕೊಟ್ಟಳು. ಶಮಶೇರನಿಗೆ ಇಂಗ್ಲಿಷ್ ಬಾರದು. ಆದರೆ ಜನ್ಮವಿಡೀ ಅಂಕಿ ನೋಡಿದ ಕಣ್ಣು, ಕೈ ಒರೆಸುವ ಮೊದಲು ಕನ್ನಡಕ ಏರಿಸಿತು.

"ಬೇಟಾ, ಇದ ಎದರ ಲೆಕ್ಕ?"

"ಆಫೀಸಿಂದ ಅಬ್ಬಾ. ಪರೀಕ್ಷಾ ಮಾಡಿದ್ದು. ಎಲ್ಲಾ ಪಾಸ್ ಆಗ್ಯಾವು."

"ಎಷ್ಟು ಪಾಸು?"

"ಇನ್ನೂರಾ ಹನ್ನೆರಡು."

"ಮತ್ತ ಇಲ್ಲಿ ಬರೇ ಸೊನ್ನಿ ಐತೆಲ್ಲ."

ಜಹೀರಾ ನೋಡಿದಳು. ಅಪ್ಪ ರಿಪೇರಿ ಮಾಡುತ್ತಿದ್ದ ತಕ್ಕಡಿಯ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು, ತಟ್ಟೆ ಖಾಲಿಯಿತ್ತು. ಅವಳು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಆಫೀಸಿನ ಕಡೆಗೆ ಓಡಿದಳು.

ಆ ಸಾಲನ್ನು ಮತ್ತೆ ಸೇರಿಸಿದಾಗ ಬೀಗರ ಜಗಳ ಪುನಃ ಶುರುವಾಯಿತು. ಈ ಸಲ ಅವಳು ಒಂದೊಂದನ್ನೂ ಕೂಡಿಸಿ ಬಗೆಹರಿಸಿದಳು. ಯಾವುದಕ್ಕೆ ಯಾವ ಆವೃತ್ತಿ ಹೊಂದುತ್ತದೆಂದು ಹಾಳೆಯಲ್ಲಿ ಬರೆದುಕೊಂಡು ಮಾಡಿದರೆ ಮೂರು ತಾಸಿನ ಕೆಲಸ. ಅಷ್ಟೇ ಇತ್ತು. ಪರೀಕ್ಷೆಗಳು ಎದ್ದವು. ಇನ್ನೂರ ಹನ್ನೊಂದು ಹಸಿರು, ಒಂದು ಕೆಂಪು. ಕೆಂಪಿನ ಕೆಳಗೆ ಐಶ್ವರ್ಯ ನಾಲ್ಕು ವರ್ಷದ ಹಿಂದೆ ತನ್ನ ಮಾತಿನಲ್ಲೇ ಬರೆದಿಟ್ಟ ಎಚ್ಚರಿಕೆ ಇತ್ತು: "ಬುದ್ರುಕ ಬ್ಯಾರೆ, ಖುರ್ದ ಬ್ಯಾರೆ. ಇಲ್ಲಿ ತಪ್ಪಿದ್ರ ಮಂದಿ ಸಾಯ್ತಾರ."

ಕತ್ತರಿಸಿದ ಬಾಲಗಳನ್ನು ಜಹೀರಾ ಆಗಲೇ ತಿರುಗಿ ಹಚ್ಚಿದಳು. ಸೋಮವಾರ ಆ ಕೆಂಪು ವರದಿಯನ್ನು ಮಹೇಶನಿಗೆ ತೋರಿಸಿದಳು. ಅವನು ಓದಿ, ಎದ್ದು ಬಾಗಿಲು ಹಾಕಿದ.

"ಸರಿ ಮಾಡಿದಿ ಹೌದಿಲ್ಲೋ? ಇನ್ನ ಬಾಯಿ ಮುಚಗೊಂಡಿರು. ಹೋದಾಕಿ ತಿರುಗಿ ಬರೂದಿಲ್ಲ. ಯಲ್ಲಾರಿಗೆ ಎಲ್ಲೆರ ಬ್ಯಾರೆ ಕಡೆ ಹಚ್ಚೂಣು."

"ಅಂವಾ ತಪ್ಪು ಮಾಡಿಲ್ಲರಿ ಸರ್."

"ತಪ್ಪು ಅವನ ಹೆಸರಿನ್ಯಾಗ ಬರದಾಗೈತಿ. ನಿನ್ನ ಹೆಸರು ಬರಸ್ಕೋತಿ?"

ಜಹೀರಾ ತನ್ನ ಟೇಬಲಿಗೆ ಹಿಂದಿರುಗಿದಳು. ಹೆದರಿದಳು, ಸುಳ್ಳೇಕೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಟ್ರಸ್ಟಿಗೆ ಒಂದು ಪತ್ರ ಬರೆದಳು, ಏನು ತೆಗೆದೆ, ಏನು ಓದಲಿಲ್ಲ, ಯಾವ ಬಾಲ ಕತ್ತರಿಸಿದೆ, ಎಲ್ಲ. ಕೊಡುವ ಮೊದಲು ಯಲ್ಲಾರಿಗೆ ಓದಿ ಹೇಳಬೇಕೆಂದು ಬೆಳಗಿನ ಬಸ್ಸಿಗೆ ಅರಭಾವಿಗೆ ಹೋದಳು. ತೋಟಗಾರಿಕೆ ಕಾಲೇಜಿನ ಹುಡುಗಿಯರು ಬಸ್ಸಿನ ತುಂಬ ನಗುತ್ತಿದ್ದರು.

ಯಲ್ಲಾರಿ ಕಟ್ಟೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಪತ್ರವನ್ನು ಅರ್ಧದಲ್ಲಿ ತಡೆಯದೆ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹಿಂದಕ ನಾವು ಡ್ರೈವರ್ ಮಂದಿ ಫೋನ್ ಹಚ್ಚಿ ಕೇಳತಿದ್ವಿ ತಂಗಿ," ಎಂದ. "ದೊಡ್ಡದೋ ಸಣ್ಣದೋ ಅಂತ. ಪರದೆ ಬಂದ ಮ್ಯಾಲೆ ಕೇಳಬ್ಯಾಡ, ಅದು ತೋರಿಸಿದ ಕಡೆ ಹೋಗು ಅಂದ್ರು. ಅವತ್ತೂ ಕೂಡ ಹುಕ್ಕೇರಿ ತಿರುವಿನ್ಯಾಗ ನಾ ಗಾಡಿ ನಿಲ್ಲಿಸಿದ್ನಿ. ನನ್ನ ಮನಸ್ಸು ಒಪ್ಪಲಿಲ್ಲ. ಕೇಳೂಣು ಅಂತ ಫೋನ್ ಕೈಯಾಗ ತಗೊಂಡಿದ್ನಿ ನೋಡ."

"ಮತ್ತ ಯಾಕ ಕೇಳಲಿಲ್ಲರಿ ಕಾಕಾ?"

ಅವನು ಅವಳ ಮುಖವನ್ನೇ ನೋಡಿದ. "ಕಲ್ತವರು ಮಾಡಿದ್ದು ಐತಿ, ಪರೀಕ್ಷಾ ಮಾಡೇ ಕೊಟ್ಟಿರ್ತಾರ ಅಂದ್ಕೊಂಡ್ನಿ."

ಜಹೀರಾ ಅಲ್ಲೇ ಕಟ್ಟೆಯ ಮೇಲೆ ಪತ್ರ ಇಟ್ಟು, ಕೊನೆಗೆ ಇನ್ನೊಂದು ಸಾಲು ಬರೆದಳು: ಗಾಡಿ ನಿಲ್ಲಿಸಿ ಕೇಳಬೇಕೆಂದಿದ್ದ ಮನುಷ್ಯನನ್ನು ಕೇಳದ ಹಾಗೆ ಮಾಡಿದ್ದೂ ನಾನೇ. ಆಮೇಲೆ ಹನ್ನೊಂದರ ಬಸ್ಸಿಗೆ ಹಿಂದಿರುಗಿ ಟ್ರಸ್ಟಿನ ಆಫೀಸಿಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಸಾವಿನ ದಾಖಲೆಗೆ ಸಹಿ ಹಾಕಲು ಬಂದ ಗುಡ್ಡಪ್ಪ ಕೂತಿದ್ದ. ಅವನ ಕೈಯ ಮೊಬೈಲಿನಲ್ಲಿ ಆ ಸಂದೇಶ ಇನ್ನೂ ಇತ್ತು, ಬಂದವರಿಗೆಲ್ಲ ತೋರಿಸುತ್ತಿದ್ದ. ಇವಳಿಗೂ ತೋರಿಸಿದ.

"ನೋಡ್ರಿ ಅಕ್ಕಾರ," ಎಂದ. "ಹತ್ತೇ ನಿಮಿಷ ಅಂದಿದ್ರು."