ಓಣಿಯ ನಳ ಕೀಳಲು ಹೋದಾಗ

ಕೊಣ್ಣೂರಿನ ಆ ಓಣಿಯಲ್ಲಿ ಮನೆಮನೆಗೂ ನಳ ಹಾಕಿಸುತ್ತೇನೆಂದು ಹೇಳಿಯೇ ವಾರ್ಡಿನ ಸದಸ್ಯೆ ಆರಿಸಿ ಬಂದಿದ್ದರು. ಹೇಳಿದಂತೆ ಮಾಡಿಯೂ ತೋರಿಸಿದರು. ತಿಂಗಳ ಹಿಂದೆ ಬಂದ್ ಮಾಡಿದ್ದ ಓಣಿಯ ಹಳೆಯ ನಳ ಕಿತ್ತು ರಸ್ತೆ ಅಗಲ ಮಾಡಬೇಕೆಂದು, ಅಳತೆಗೆ ಪುರಸಭೆಯ ಎಂಜಿನಿಯರ್ ಆದ ನನ್ನನ್ನು ಕರೆದೊಯ್ದರು.

ಟೇಪು ಬಿಚ್ಚುವಷ್ಟರಲ್ಲಿ ಎಪ್ಪತ್ತು ದಾಟಿದ ಗಂಗವ್ವ ಬಂದು ನಳದ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಆಯಿ, ಮನಿಯೊಳಗ ನೀರು ಬರಾಕತ್ತಾವಲ್ಲ? ಇನ್ನ ಇದ್ಯಾಕ ಬೇಕು?" ಎಂದರು ಸದಸ್ಯೆ.

"ನೀರು ಛಲೋ ಬರ್ತಾವು, ಯವ್ವಾ. ನಿನಗ ಪುಣ್ಯ ಬರ್ಲಿ. ಆದ್ರ ಮಂದಿ ಬರವಲ್ರು." ಗಂಗವ್ವ ಎದುರಿನ ಮನೆ ತೋರಿಸಿದಳು. "ಆ ಶಾಂತವ್ವ ದಿನಾ ನನ್ನ ಕೊಡ ಎತ್ತಿ ಕೊಡತಿದ್ಲು. ಮಗಳ ಬಾಣಂತನ, ಸೊಸಿ ಸಿಟ್ಟು, ಎಲ್ಲಾ ಇಲ್ಲೇ ಹೇಳತಿದ್ಲು. ಅಕಿ ಮಾರಿ ನೋಡಿ ತಿಂಗಳಾತು."

"ಅವರ ಮನಿಗೇ ಹೋಗಬಹುದಲ್ಲ?" ಎಂದೆ.

"ಕೆಲಸಿಲ್ದ ಹೆಂಗ ಹೋಗೂದ್ರಿ, ಸಾಹೇಬ್ರ? ಬಾಗಲದಾಗ ನಿಂತು ಏನಂತ ಹೇಳ್ಲಿ?"

ಗೋಕಾಕಿನಲ್ಲಿ ನನ್ನ ಬಾಡಿಗೆ ಮನೆಯ ಎದುರಿನವರ ಹೆಸರು ನನಗಿನ್ನೂ ಗೊತ್ತಿಲ್ಲ.

ಸದಸ್ಯೆ ಆಕೆಯ ಪಕ್ಕ ಕುಳಿತರು. "ನಮ್ಮವ್ವನೂ ನಳದಿಂದ ಲಗೂನ ಮನಿಗೆ ಬರತಿದ್ದಿಲ್ಲ. ನಾನು ಬೈತಿದ್ದೆ," ಎಂದರು. "ಈಗ ಬೈಯಾಕ ಅಕೀನ ಇಲ್ಲ."

ನಳಕ್ಕೆ ಮತ್ತೆ ನೀರು ಬಿಟ್ಟೆವು. ಕಟ್ಟೆ ಉದ್ದವಾಯಿತು, ಮೇಲೆ ತಗಡಿನ ನೆರಳೂ ಬಂತು. ಮೊದಲ ದಿನವೇ ಶಾಂತವ್ವ ಕೊಡ ಹಿಡಿದು ಬಂದು, ಮಧ್ಯಾಹ್ನದವರೆಗೂ ಅದನ್ನು ತುಂಬಿಸಲಿಲ್ಲವಂತೆ.

ಕಡತದಲ್ಲಿ 'ಕಾಮಗಾರಿಯ ಉದ್ದೇಶ' ಎಂಬಲ್ಲಿ ನಾನು 'ಕುಡಿಯುವ ನೀರು' ಎಂದೇ ಬರೆದೆ. ಮಾತಾಡಲಿಕ್ಕೆಂದು ಬರೆದರೆ ಮಂಜೂರು ಮಾಡುವ ನಿಯಮ ನಮ್ಮಲ್ಲಿನ್ನೂ ಬಂದಿಲ್ಲ.