ತೆರೆದ ನಲ್ಲಿ

ಬೆಳಿಗ್ಗೆ ಆರೂ ಹತ್ತಕ್ಕೆ ನೀರು ಸರಬರಾಜು ಕಚೇರಿಯ ಇನ್‌ಸ್ಪೆಕ್ಟರು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ನಿಂತಿದ್ದರು. ಒಂದು ಹನಿ ಪೋಲಾದರೂ ಊರಿಗೆಲ್ಲ ಪಾಠ ಹೇಳುವವರು ಈಗ ದಿನಾ ಬಕೆಟ್ಟುಗಟ್ಟಲೆ ಚರಂಡಿಗೆ ಬಿಡುತ್ತಾರೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಮೂತ್ರದ ದಾರಿ ಕಿರಿದಾಗಿದೆ. ತೊಟ್ಟು ತೊಟ್ಟಾಗಿ ಬೀಳುವ ಸದ್ದು ಹೊರಗೆ ಕೇಳಬಾರದೆಂದೇ ಈ ನಲ್ಲಿ. “ಏನ್ರೀ, ಒಳಗೆ ಬಾವಿ ತೋಡ್ತಿದೀರಾ?” ಎಂದು ಹತ್ತು ನಿಮಿಷದ ಮೇಲೆ ಹೆಂಡತಿ ಬಾಗಿಲು ಬಡಿದರೆ, “ಗಡ್ಡ ಮಾಡ್ಕೊಳ್ತಿದೀನಿ ಕಣೇ” ಎನ್ನುತ್ತಾರೆ, ಹೊರಬಂದಾಗ ಗಡ್ಡ ಹಾಗೇ ಇರುತ್ತದೆ. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಕೂತ ಮೇಲೆಯೇ ಶೌಚಾಲಯಕ್ಕೆ ಹೋಗುತ್ತಾರೆ. ಹೀಗಾದರೆ ತಕ್ಷಣ ಹೇಳಬೇಕು, ಮುಚ್ಚಿಟ್ಟರೆ ಕಿಡ್ನಿಗೇ ಏಟು ಎಂದು ಮೊದಲೇ ಎಚ್ಚರಿಸಿದ್ದವಳು ಮಗಳ ವಯಸ್ಸಿನ ಡಾಕ್ಟರು. ಮೊನ್ನೆ ತಪಾಸಣೆಯಲ್ಲಿ ಅವಳು, “ಮೂತ್ರಕ್ಕೆ ಹೋದ್ರೆ ಎಷ್ಟು ಹೊತ್ತು ಹಿಡಿಯುತ್ತೆ ಸರ್?” ಎಂದಾಗ, ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡಲಾರದೆ, ನೆಲ ನೋಡುತ್ತ ಹೇಳಿದರು: “ಅರ್ಧ ನಿಮಿಷ.”