ಹೇಳುವಾಗಲೋ, ಹೇಳಿದ ಮೇಲೋ

ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ನಾನೂ ನನ್ನ ಗೆಳೆಯನೂ ಭಾನುವಾರ ಮಧ್ಯಾಹ್ನ ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡುತ್ತಿದ್ದೆವು. ಕಥೆ ನಡೆಸುವವನು ನಾನು; ಉಡುಪಿ ಕಡೆಯ ಅವನದು ಎರಡು ವರ್ಷ ಜೋಪಾನ ಮಾಡಿದ ಒಬ್ಬ ಮಾಂತ್ರಿಕನ ಪಾತ್ರ. ಆ ಮಾಂತ್ರಿಕನ ಶಕ್ತಿಯನ್ನು ನಂಬುವಂತಿರಲಿಲ್ಲ. ಮಂತ್ರ ಹೇಳಿದಾಗಲೆಲ್ಲ ದಾಳ ಎಸೆದು, ಜೊತೆಗೆ ಏನು ಎಡವಟ್ಟಾಯಿತೆಂದು ಪಟ್ಟಿಯಲ್ಲಿ ನೋಡಬೇಕಿತ್ತು.

ಅಂದು ಸಾಯುತ್ತಿದ್ದ ಮಾಂತ್ರಿಕ ಗಾಯ ಮಾಯಿಸುವ ಮಂತ್ರ ಹೇಳಿದ. ದಾಳಕ್ಕೆ ಬಿದ್ದ ಎಡವಟ್ಟು: ಮೂಕನಾಗುತ್ತಾನೆ.

“ಮೊದ್ಲು ಗಾಯ ಗುಣ ಆಗ್ತದೆ, ಆಮೇಲೆ ಮೂಕ. ಅಲ್ವಾ ಮಾರಾಯ?” ಎಂದ ಗೆಳೆಯ.

ಎಡವಟ್ಟು ಯಾವಾಗ ಎನ್ನುವುದಕ್ಕೆ ಆಟದ ನಿಯಮಗಳ ನಮ್ಮ ಜೆರಾಕ್ಸ್ ಪುಸ್ತಕದಲ್ಲಿದ್ದದ್ದು ‘ವೆನ್’ ಎಂಬ ಒಂದೇ ಇಂಗ್ಲಿಷ್ ಪದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನಾನು ಬಿಡುತ್ತೇನೆಯೇ?

“ವೆನ್ ಅಂದ್ರೆ ಹೇಳುವಾಗ ಕಣೋ, ಹೇಳಿದ ಮೇಲೆ ಅಲ್ಲ. ಅರ್ಧದಲ್ಲೇ ಬಾಯಿ ಕಟ್ಟಿತು, ಮಂತ್ರ ಮುಗೀಲಿಲ್ಲ. ಸತ್ತ.”

“ಇದೆಂತ ಕೋರ್ಟಾ? ಬದುಕ್ಲಿ ಬಿಡು ಯಾರ್.”

“ರೂಲ್ ಅಂದ್ರೆ ರೂಲ್.”

ಅವನು ಮಾಂತ್ರಿಕನ ವಿವರ ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದ. ಆಮೇಲೆ ಯಾವ ಭಾನುವಾರವೂ ಬರಲಿಲ್ಲ. ಸ್ಟೇಷನ್ನಿನಲ್ಲಿ ನಾನು ಕಂಡರೆ ರೈಲಿನ ಬೇರೆ ಡಬ್ಬಿಯ ಕಡೆ ನಡೆದುಬಿಡುತ್ತಿದ್ದ.

ಆ ವಾದವನ್ನು ಮನಸ್ಸಿನಲ್ಲೇ ಎಷ್ಟೋ ಸಲ ಅವನ ಪರವಾಗಿ ನಿಂತು ಮಂಡಿಸಿ ನೋಡಿದ್ದೇನೆ. ಪ್ರತಿ ಸಲವೂ ‘ಹೇಳುವಾಗ’ ಎಂದ ನಾನೇ ಗೆಲ್ಲುತ್ತೇನೆ.